ಮೂರೂವರೆ ನಿಮಿಷ ಕಾಯಿಸುವ ಡ್ರಮ್ಸ್: ಫಿಲ್ ಕಾಲಿನ್ಸ್ ಹಾಡಿನ ಆ ಸದ್ದು ಎಲ್ಲಿಂದ ಬಂತು?

'ಇನ್ ದಿ ಏರ್ ಟುನೈಟ್' ಫಿಲ್ ಕಾಲಿನ್ಸ್ ತಮ್ಮದೇ ಹೆಸರಿನಲ್ಲಿ ತಂದ ಮೊದಲ ಸಿಂಗಲ್, ಅಂದರೆ ಆಲ್ಬಮ್ಮಿನಿಂದ ಬೇರೆಯಾಗಿ ಬಿಡುಗಡೆಯಾದ ಹಾಡು. 1981ರ ಜನವರಿಯಲ್ಲಿ ಅದು ಹೊರಬರುವ ಹೊತ್ತಿಗೆ ಬ್ರಿಟನ್ನಿನ ರಾಕ್ ಬ್ಯಾಂಡ್ ಜೆನೆಸಿಸ್‌ನಲ್ಲಿ ಅವರಿಗೆ ಹತ್ತು ವರ್ಷ ತುಂಬಿತ್ತು. 1970ರಲ್ಲಿ ಸೇರಿದ್ದು ಡ್ರಮ್ಮರ್ ಆಗಿ. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಹೊರನಡೆದ ಮೇಲೆ ಬ್ಯಾಂಡು ಎಷ್ಟೋ ಗಾಯಕರನ್ನು ಕರೆಸಿ ಹಾಡಿಸಿ ನೋಡಿತು. ಯಾರೂ ಒಗ್ಗಲಿಲ್ಲ. ಕೊನೆಗೆ ಮೈಕ್ ಬಂದದ್ದು ಡ್ರಮ್ಮರ್ ಕೈಗೇ.

1979ರಲ್ಲಿ ಅವರ ಮೊದಲ ಮದುವೆ ಮುರಿದುಬಿತ್ತು. ಬ್ಯಾಂಡಿನ ಟೋನಿ ಬ್ಯಾಂಕ್ಸ್ ಮತ್ತು ಮೈಕ್ ರದರ್‌ಫೋರ್ಡ್ ಆಗ ತಮ್ಮ ತಮ್ಮ ಸೋಲೋ ಆಲ್ಬಮ್‌ಗಳಲ್ಲಿ ಮುಳುಗಿದ್ದರು. ಇಂಗ್ಲೆಂಡಿನ ಸರ್ರೆಯ ಮನೆಯಲ್ಲಿ ಒಬ್ಬರೇ ಉಳಿದ ಕಾಲಿನ್ಸ್ 8 ಟ್ರ್ಯಾಕಿನ (ಎಂಟು ಸದ್ದುಗಳನ್ನು ಬೇರೆಬೇರೆಯಾಗಿ ಹಿಡಿಯುವ) ಟೇಪ್ ಯಂತ್ರ, ರೋಲ್ಯಾಂಡ್ ಸಿಆರ್-78 ಡ್ರಮ್ ಯಂತ್ರ, ಪ್ರಾಫೆಟ್-5 ಸಿಂಥಸೈಸರ್ ಇಟ್ಟುಕೊಂಡು ಹಾಡು ಕಟ್ಟತೊಡಗಿದರು. ಈ ಹಾಡಿನ ಸಾಲುಗಳಲ್ಲಿ ಹೆಚ್ಚಿನವು ಮೈಕ್ ಮುಂದೆ ಆಶುವಾಗಿ ಬಂದವು. ನೀರಲ್ಲಿ ಮುಳುಗುತ್ತಿದ್ದವನನ್ನು ನೋಡುತ್ತಾ ನಿಂತವನ ಮೇಲೆ ಬರೆದ ಹಾಡು ಇದು ಎಂಬ ಕಥೆ ಇಂದಿಗೂ ಸುತ್ತಾಡುತ್ತಿದೆ. ಅದು ಕಟ್ಟುಕಥೆ ಎಂದು ಕಾಲಿನ್ಸ್ ಮತ್ತೆ ಮತ್ತೆ ಹೇಳಿದ್ದಾರೆ. ಹಾಡಿನಲ್ಲಿರುವ ಸಿಟ್ಟು ಮುರಿದ ಮದುವೆಯದು.

ಸ್ಟುಡಿಯೋಗೆ ಹೋದಾಗ ಮನೆಯಲ್ಲಿ ಮಾಡಿದ ಆ ಡೆಮೊವನ್ನು, ಅಂದರೆ ಕರಡು ಮುದ್ರಣವನ್ನು, ಬಿಸಾಡಲಿಲ್ಲ. ಮನೆಯ ಟೇಪನ್ನು 24 ಟ್ರ್ಯಾಕಿಗೆ ನಕಲು ಮಾಡಿಕೊಂಡು ಅದರ ಮೇಲೆಯೇ ಉಳಿದದ್ದನ್ನು ಸೇರಿಸಿದರು. ಈ ತೀರ್ಮಾನವೇ ಹಾಡನ್ನು ಉಳಿಸಿತು ಅನ್ನಬೇಕು. ಎಲ್ಲವನ್ನೂ ಹೊಸದಾಗಿ ನುಡಿಸಿದ್ದರೆ ಆ ಒಂಟಿತನ ಖಂಡಿತ ಕಳೆದುಹೋಗುತ್ತಿತ್ತು.

ಸುಮಾರು 3 ನಿಮಿಷ 40 ಸೆಕೆಂಡಿಗೆ ಡ್ರಮ್ಸ್ ಸಿಡಿಯುತ್ತದಲ್ಲ, ಆ ಸದ್ದು ಮಾತ್ರ ಹುಟ್ಟಿದ್ದು ಬೇರೆಯವರ ಆಲ್ಬಮ್ಮಿನಲ್ಲಿ. ಗೇಬ್ರಿಯಲ್ ತಮ್ಮ ಮೂರನೆಯ ಸೋಲೋ ಆಲ್ಬಮ್ಮನ್ನು ಪಶ್ಚಿಮ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸುತ್ತಿದ್ದರು. ನಿರ್ಮಾಪಕ ಸ್ಟೀವ್ ಲಿಲ್ಲಿವೈಟ್, ಎಂಜಿನಿಯರ್ ಹ್ಯೂ ಪ್ಯಾಡ್ಜಮ್, ಡ್ರಮ್ಸ್‌ಗೆ ಕಾಲಿನ್ಸ್. ಅಲ್ಲಿನ ಒಂದು ಕೋಣೆಗೆ ಕಲ್ಲಿನ ಗೋಡೆ. ಪೆಟ್ಟು ಬಿದ್ದರೆ ಮೊಳಗುತ್ತಿತ್ತು. ಎಲ್ಲ ಮೈಕುಗಳ ಸದ್ದನ್ನು ಹದಗೊಳಿಸಿ ಬೆರೆಸುವ ಮಿಕ್ಸಿಂಗ್ ಕನ್ಸೋಲ್ ಎಸ್‌ಎಸ್‌ಎಲ್ ಕಂಪನಿಯದು. ವಾದಕರು ಒಳಗಿನಿಂದ ಆಡುವ ಮಾತು ಎಂಜಿನಿಯರಿಗೆ ಕೇಳಲೆಂದು ಕೋಣೆಯಲ್ಲಿ ಒಂದು ಮೈಕ್ ತೂಗುಹಾಕಿದ್ದರು. ಮೂಲೆಯಲ್ಲಿ ಪಿಸುಗುಟ್ಟಿದರೂ ಮೈಕ್ ಬುಡದಲ್ಲಿ ಕೂಗಿದರೂ ಒಂದೇ ಮಟ್ಟದಲ್ಲಿ ಕೇಳುವಂತೆ ಅದಕ್ಕೆ ವಿಪರೀತ ಕಂಪ್ರೆಷನ್ (ಜೋರು ಸದ್ದನ್ನು ತಗ್ಗಿಸಿ ಮೆಲುಸದ್ದನ್ನು ಎತ್ತುವ ವ್ಯವಸ್ಥೆ) ಕೊಟ್ಟಿದ್ದರು. ಕಾಲಿನ್ಸ್ ನುಡಿಸುತ್ತಿದ್ದಾಗ ಆ ಮೈಕ್ ತೆರೆದುಕೊಂಡಿತು. ಕಂಪ್ರೆಸರ್ ಮೊದಲ ಪೆಟ್ಟನ್ನು ಅದುಮಿ, ಹಿಂದೆಯೇ ಬರುವ ಕೋಣೆಯ ಮೊಳಗನ್ನು ಎತ್ತಿಹಿಡಿಯುತ್ತದೆ; ಹಾಗಾಗಿ ಡ್ರಮ್ ದೈತ್ಯಾಕಾರವಾಗಿ ಕೇಳಿಸಿತು. ಆ ಮೈಕಿನ ಸದ್ದನ್ನು ಟೇಪಿಗೆ ಕಳಿಸಲು ಕನ್ಸೋಲಿನಲ್ಲಿ ದಾರಿ ಇರಲಿಲ್ಲ. ಪ್ಯಾಡ್ಜಮ್ ವೈರಿಂಗ್ ಬದಲಾಯಿಸಿ ದಾರಿ ಮಾಡಿಸಿದರು. ಬಳಿಕ ಅದಕ್ಕೆ ನಾಯ್ಸ್ ಗೇಟ್ ಹಾಕಿದರು. ಸದ್ದು ನಿಗದಿತ ಮಟ್ಟಕ್ಕಿಂತ ಇಳಿದ ಕೂಡಲೇ ಗೇಟ್ ಮುಚ್ಚುತ್ತದೆ, ಮೊಳಗು ಕತ್ತರಿಸಿದಂತೆ ನಿಲ್ಲುತ್ತದೆ. ಘಂಟೆ ಬಾರಿಸಿದ ಮರುಕ್ಷಣವೇ ಕೈಯಿಟ್ಟು ಹಿಡಿದಂತೆ. ಇದೇ ಸದ್ದನ್ನು ಕಾಲಿನ್ಸ್ ಆಮೇಲೆ ತಮ್ಮ ಹಾಡಿಗೂ ತಂದರು.

ಗೇಬ್ರಿಯಲ್ ಆ ಆಲ್ಬಮ್ಮಿನಲ್ಲಿ ಸಿಂಬಲ್ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ) ಬೇಡವೇ ಬೇಡ ಎಂದಿದ್ದರು. ಅದರಿಂದಲೇ ಈ ಉಪಾಯ ಸಲೀಸಾಗಿ ಕೆಲಸ ಮಾಡಿತು. ಸಿಂಬಲ್‌ನ ನಾದ ಬಹಳ ಹೊತ್ತು ಉಳಿಯುತ್ತದೆ; ಕಂಪ್ರೆಸರ್ ಅದನ್ನೂ ಮೇಲೆತ್ತುತ್ತದೆ, ಗೇಟ್ ಮುಚ್ಚುವುದೇ ಇಲ್ಲ. ಮನೆಯಲ್ಲಿ ಈ ಸದ್ದು ಮಾಡಹೊರಟವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇನ್ನೊಂದು ತಪ್ಪು, ಗೇಟನ್ನು ಕೋಣೆಯ ಮೈಕಿನ ಸದ್ದಿನಿಂದಲೇ ತೆರೆಸುವುದು. ಹಾಗೆ ಮಾಡಿದರೆ ಅದು ಪಟಪಟನೆ ತೆರೆದು ಮುಚ್ಚುತ್ತದೆ. ಸ್ನೇರ್ ಅಥವಾ ಟಾಮ್ ಎಂಬ ಡ್ರಮ್ಮುಗಳ ಪಕ್ಕದ ಮೈಕಿನ ಸಂಕೇತವನ್ನು ಗೇಟಿನ ಕೀ ಇನ್‌ಪುಟ್‌ಗೆ, ಅಂದರೆ ಗೇಟನ್ನು ತೆರೆಸುವ ಪ್ರತ್ಯೇಕ ಒಳದಾರಿಗೆ, ಕೊಡಿ. ಹೋಲ್ಡ್ (ಗೇಟ್ ತೆರೆದೇ ಇರುವ ಹೊತ್ತು) 200ರಿಂದ 300 ಮಿಲಿಸೆಕೆಂಡ್ ಇರಲಿ, ರಿಲೀಸ್ (ಆಮೇಲೆ ಮುಚ್ಚಿಕೊಳ್ಳಲು ಹಿಡಿಯುವ ಹೊತ್ತು) ಆದಷ್ಟು ಚುರುಕಾಗಿರಲಿ. ನಿಮಿಷಕ್ಕೆ 95 ಬೀಟ್‌ನ ಹಾಡಿನಲ್ಲಿ ಅರ್ಧ ಬೀಟ್ ಎಂದರೆ ಸುಮಾರು 316 ಮಿಲಿಸೆಕೆಂಡ್. ಹೋಲ್ಡ್ ಅದನ್ನು ದಾಟಿದರೆ ಸಾಲುಗಳ ನಡುವೆ ಬಿರುಸಾಗಿ ಬಾರಿಸುವ ಪೆಟ್ಟುಗಳ ಸರಣಿಯಲ್ಲಿ ಒಂದು ಪೆಟ್ಟಿನ ಬಾಲ ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ಕಾಲಿನ್ಸ್ ಬಳಸುತ್ತಿದ್ದ ಟಾಮ್‌ಗಳಿಗೆ ಕೆಳಗಿನ ಚರ್ಮ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಒಂದೇ ಚರ್ಮದ ಡ್ರಮ್ ಗಟ್ಟಿಯಾಗಿ ನುಡಿದು ಬೇಗ ಸುಮ್ಮನಾಗುತ್ತದೆ.

ಅಟ್ಲಾಂಟಿಕ್ ರೆಕಾರ್ಡ್ಸ್‌ನ ಅಹ್ಮೆಟ್ ಎರ್ಟೆಗುನ್‌ಗೆ ಹಾಡು ಹಿಡಿಸಿತು. ಆದರೆ ಇಷ್ಟು ಹೊತ್ತು ಡ್ರಮ್ಸ್ ಇಲ್ಲದಿದ್ದರೆ ಕೇಳುಗರಿಗೆ ತಾಳ ಸಿಗುವುದಿಲ್ಲ ಎಂದು ಅವರಿಗೆ ಅನಿಸಿತು. ಹಾಗಾಗಿ ಸಿಂಗಲ್‌ಗೆ ಆರಂಭದ ಭಾಗದಲ್ಲೂ ಡ್ರಮ್ಸ್ ಸೇರಿಸಿದರು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯಿರಬಹುದು, ಸಂಗೀತದ ದೃಷ್ಟಿಯಿಂದ ನಷ್ಟವೇ. ಬ್ರಿಟನ್ನಿನಲ್ಲಿ ಹಾಡು 2ನೆಯ ಸ್ಥಾನಕ್ಕೆ, ಅಮೆರಿಕದಲ್ಲಿ 19ಕ್ಕೆ ಏರಿತು. ಈ ಹಾಡಿರುವ 'ಫೇಸ್ ವ್ಯಾಲ್ಯೂ' ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. 1984ರಲ್ಲಿ 'ಮಯಾಮಿ ವೈಸ್' ಧಾರಾವಾಹಿಯ ಮೊದಲ ಕಂತಿನಲ್ಲಿ ಬಳಕೆಯಾಗಿ ಅಮೆರಿಕದಲ್ಲಿ ಹಾಡಿಗೆ ಎರಡನೆಯ ಆಯುಸ್ಸು ಬಂತು. 1985ರ ಜುಲೈ 13ರ ಲೈವ್ ಏಡ್ ಸಹಾಯಾರ್ಥ ಕಛೇರಿಯಲ್ಲಿ ಕಾಲಿನ್ಸ್ ಇದನ್ನು ಲಂಡನ್ನಿನಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗಿ ಅಲ್ಲೂ ಹಾಡಿದರು. ಎರಡು ಕಡೆಯೂ ಪಿಯಾನೊ ಮುಂದೆ ಕೂತು, ಆ ಡ್ರಮ್ಸ್ ಇಲ್ಲದೆ.

ಬೆನ್ನುಹುರಿ ಮತ್ತು ನರದ ತೊಂದರೆಯಿಂದ ಮುಂದೆ ಅವರಿಗೆ ಡ್ರಮ್ ಕೋಲು ಹಿಡಿಯುವುದೇ ಕಷ್ಟವಾಯಿತು. 2010ರ 'ಗೋಯಿಂಗ್ ಬ್ಯಾಕ್' ಆಲ್ಬಮ್ಮಿಗೆ ಕೋಲನ್ನು ಕೈಗೆ ಟೇಪ್ ಸುತ್ತಿಕೊಂಡು ನುಡಿಸಿದರು. 2017ರಲ್ಲಿ ಶುರುವಾದ ಪ್ರವಾಸದಲ್ಲಿ ಕುರ್ಚಿಯಲ್ಲಿ ಕೂತು ಹಾಡಿದರು, ಡ್ರಮ್ಸ್ ಹಿಂದೆ ಮಗ ನಿಕ್ ಇದ್ದರು. 2022ರ ಮಾರ್ಚ್ 26ರಂದು ಲಂಡನ್ನಿನ ಒ2 ಅರೆನಾದಲ್ಲಿ ಜೆನೆಸಿಸ್ ಕೊನೆಯ ಕಛೇರಿ ಕೊಟ್ಟಾಗಲೂ ಡ್ರಮ್ಸ್ ನುಡಿಸಿದ್ದು ನಿಕ್ ಅವರೇ.

ಈ ಹಾಡನ್ನು ಮೊದಲ ಬಾರಿ ಕೇಳುವವರು ಐದೂವರೆ ನಿಮಿಷದ ಆಲ್ಬಮ್ ಆವೃತ್ತಿಯನ್ನೇ ಹುಡುಕಿ. ಡ್ರಮ್ ಯಂತ್ರದ ತಾಳವಲ್ಲದೆ ಆರಂಭದ ಭಾಗದಲ್ಲೇ ನಿಜವಾದ ಡ್ರಮ್ಸ್ ಕೇಳಿಸಿದರೆ ಅದು ಸಿಂಗಲ್; ನಿಲ್ಲಿಸಿ ಇನ್ನೊಂದನ್ನು ಹಾಕಿಕೊಳ್ಳಿ.