ಲಿಪೋಮಾ: ಜೀನ್ ಕಾರಣ ಅಂದ ಮಾತ್ರಕ್ಕೆ ಮನೆತನದಿಂದ ಬಂದದ್ದಲ್ಲ

ಲಿಪೋಮಾ ಅಂದರೆ ಚರ್ಮದ ಕೆಳಗಿನ ಕೊಬ್ಬಿನ ಗಡ್ಡೆ. "ಲಿಪೋಮಾಗೆ ಜೀನ್ ಬದಲಾವಣೆ ಕಾರಣ" ಅಂತ ಒಂದು ಕಡೆ ಓದುತ್ತೀರಿ. "ಹೆಚ್ಚಿನ ಲಿಪೋಮಾ ವಂಶದಿಂದ ಬರುವುದಿಲ್ಲ" ಅಂತ ಇನ್ನೊಂದು ಕಡೆ. ನಾನೂ ಇಲ್ಲೇ ತುಂಬಾ ಹೊತ್ತು ನಿಂತುಬಿಟ್ಟೆ. ಎರಡೂ ಸರಿ.

ಮೊದಲು ಗಡ್ಡೆ ಏನು ಅಂತ ನೋಡೋಣ. ಕೊಬ್ಬಿನ ಕೋಶಗಳು ಚರ್ಮದ ಕೆಳಗೆ ಒಂದೇ ಕಡೆ ಬೆಳೆದು ತೆಳು ಪೊರೆಯೊಳಗೆ ಗುಂಪಾಗುತ್ತವೆ. ಮೆತ್ತಗಿರುತ್ತದೆ, ಒತ್ತಿದರೆ ಬೆರಳಿನಡಿ ಜಾರುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ. ಸುಮಾರು 100 ಜನರಲ್ಲಿ ಒಬ್ಬರಿಗೆ ಇರುತ್ತದೆ, 40ರಿಂದ 60 ವಯಸ್ಸಿನವರಲ್ಲಿ ಜಾಸ್ತಿ.

ಈಗ ಜೀನ್ ವಿಷಯ. ಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಅಂತಾರೆ. 12ನೇ ಕ್ರೋಮೋಸೋಮ್‌ನಲ್ಲಿ ಎಚ್‌ಎಂಜಿಎ2 ಅನ್ನೋ ಜೀನ್ ಇದೆ. ಭ್ರೂಣ ಬೆಳೆಯುವಾಗ ಇದಕ್ಕೆ ತುಂಬಾ ಕೆಲಸ, ದೊಡ್ಡವರಾದ ಮೇಲೆ ಹೆಚ್ಚಿನ ಕೋಶಗಳಲ್ಲಿ ಸುಮ್ಮನಿರುತ್ತದೆ. ಎಷ್ಟೋ ಒಂಟಿ ಲಿಪೋಮಾಗಳಲ್ಲಿ ಆ ಕ್ರೋಮೋಸೋಮ್ ಮುರಿದು, ಹಲವು ಸಲ 3ನೇ ಕ್ರೋಮೋಸೋಮ್‌ನ ತುಂಡಿಗೆ ಅಂಟಿಕೊಂಡಿರುತ್ತದೆ, ಆಗ ಮಲಗಿದ್ದ ಜೀನ್ ಮತ್ತೆ ಎದ್ದು ಕೋಶವನ್ನು ಬೆಳೆಸುತ್ತದೆ. ಆದರೆ ಇದು ಆಗೋದು ಆ ಗಡ್ಡೆಯ ಕೋಶಗಳಲ್ಲಿ ಮಾತ್ರ. ಅಂಡಾಣು, ವೀರ್ಯಾಣುಗಳಲ್ಲಿ ಈ ಬದಲಾವಣೆ ಇರುವುದಿಲ್ಲ. ಮತ್ತೆ ಮಗುವಿಗೆ ಹೋಗೋದು ಹೇಗೆ, ಅಲ್ವಾ?

ನಿಜಕ್ಕೂ ಮನೆತನದಲ್ಲಿ ಬರುವ ಬಗೆ ಬೇರೆ. ಒಬ್ಬರಿಗೇ ಹತ್ತಾರು ಗಡ್ಡೆ, ಮುಖ್ಯವಾಗಿ ಮುಂಗೈ, ತೊಡೆ, ಹೊಟ್ಟೆಯ ಸುತ್ತ, ಅದೂ ಎಷ್ಟೋ ಸಲ 20-30ರ ವಯಸ್ಸಿನಲ್ಲೇ ಶುರು. ಇದನ್ನು ಕೌಟುಂಬಿಕ ಬಹು ಲಿಪೋಮಾ ಅಂತಾರೆ. ಸಾಮಾನ್ಯವಾಗಿ ಪ್ರಬಲ ಜೀನ್‌ನ ರೀತಿಯಲ್ಲಿ ಬರುತ್ತದೆ, ಅಂದರೆ ತಂದೆ ಅಥವಾ ತಾಯಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಆ ಜೀನ್ ಹೋಗುವ ಸಾಧ್ಯತೆ 50%. "ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಗ್ಯಾರಂಟಿ" ಅಂತ ಅಂದುಕೊಳ್ಳಬೇಡಿ. ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ.

ಪೆಟ್ಟು ಬಿದ್ದ ಜಾಗದಲ್ಲಿ ಲಿಪೋಮಾ ಕಂಡ ವರದಿಗಳಿವೆ, ಆದರೆ ಪೆಟ್ಟೇ ಕಾರಣವೋ ಅಥವಾ ಪೆಟ್ಟು ಬಿದ್ದಿದ್ದರಿಂದ ಇದ್ದ ಗಡ್ಡೆ ಗಮನಕ್ಕೆ ಬಂತೋ ಅನ್ನೋ ಚರ್ಚೆ ಮುಗಿದಿಲ್ಲ. ಇನ್ನು ತೂಕ ಇಳಿಸಿದರೆ ಗಡ್ಡೆ ಕರಗುತ್ತದೆ ಅನ್ನೋದು ತಪ್ಪು. ಸುತ್ತಲಿನ ಕೊಬ್ಬು ಕಡಿಮೆಯಾಗಿ ಅದು ಇನ್ನೂ ಎದ್ದು ಕಾಣಬಹುದು. ಕುತ್ತಿಗೆ, ಭುಜದ ಸುತ್ತ ಎರಡೂ ಕಡೆ ಸಮನಾಗಿ ಕೊಬ್ಬು ತುಂಬುವ ಮಾಡೆಲುಂಗ್ ಕಾಯಿಲೆ ಬೇರೆ, ಅದಕ್ಕೆ ವರ್ಷಗಟ್ಟಲೆ ಜಾಸ್ತಿ ಕುಡಿಯುವುದರ ನಂಟಿದೆ.

ಗಡ್ಡೆ ಇರುವವರ ಹತ್ತಿರ ಮನೆಯವರ ಬಗ್ಗೆ ಕೇಳುವಾಗ ಗಡ್ಡೆ ಒಂದನ್ನೇ ಕೇಳಬೇಡಿ, ದಯವಿಟ್ಟು. ಎಪಿಸಿ ಜೀನ್ ಕೆಟ್ಟಾಗ ಬರುವ ಗಾರ್ಡ್ನರ್ ಸಿಂಡ್ರೋಮ್‌ನಲ್ಲಿ ಚರ್ಮದ ಗಡ್ಡೆಗಳ ಜೊತೆ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್ (ಒಳಪದರದಲ್ಲಿ ಬೆಳೆಯುವ ಚಿಕ್ಕ ಗಂಟುಗಳು) ಇರುತ್ತವೆ, ಚಿಕಿತ್ಸೆ ಮಾಡದೆ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. ಚರ್ಮದ ಗಡ್ಡೆ ಅಲ್ಲಿ ಬರೀ ಸುಳಿವು. ಹಾಗಾಗಿ "ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕರುಳಿನ ಕ್ಯಾನ್ಸರ್ ಆಗಿತ್ತಾ?" ಅನ್ನೋ ಪ್ರಶ್ನೆಯನ್ನೂ ಕೇಳಿ.