ಸ್ಪ್ಯಾನಿಶ್ ನುಡಿಗಟ್ಟು ಇಂಗ್ಲಿಷಿಗೆ: ‘ಲೆಚೆ’ಯ ತೊಡಕು

ಸುಲಭದವು ಮೊದಲು. ‘ದಾರ್ ಎನ್ ಎಲ್ ಕ್ಲಾವೊ’ ಎಂದರೆ ಹಿಟ್ ದ ನೇಲ್ ಆನ್ ದ ಹೆಡ್. ‘ತಿರಾರ್ ಲಾ ತೊಆಯಾ’ ಎಂದರೆ ಥ್ರೋ ಇನ್ ದ ಟವೆಲ್. ಚಿತ್ರವೂ ಒಂದೇ, ಬಳಕೆಯೂ ಒಂದೇ. ಬಾಯಿಪಾಠ ಮಾಡಿ ಮುಂದೆ ಹೋಗಿ.

ಕಾಡುವುದು ‘ಲೆಚೆ’. ನಿಘಂಟಿನಲ್ಲಿ ಹಾಲು, ಸ್ಪೇನಿನ ಆಡುಮಾತಿನಲ್ಲಿ ಹಾಲಿನ ಸುದ್ದಿಯೇ ಇರುವುದಿಲ್ಲ. ನಾಮಪದವನ್ನು ಬಿಡಿ, ಅದರ ಹಿಂದಿರುವ ಕ್ರಿಯಾಪದವನ್ನು ಹಿಡಿಯಿರಿ.

‘ಮಾಲಾ’ ಎಂದರೆ ಕೆಟ್ಟ. ‘ಎಸ್ತಾ ದೆ ಮಾಲಾ ಲೆಚೆ’ಯಲ್ಲಿರುವುದು ಎಸ್ತಾರ್ ಕ್ರಿಯಾಪದ, ಅಂದರೆ ಈ ಹೊತ್ತಿನ ಸ್ಥಿತಿ. ಇವತ್ತು ತಲೆ ಕೆಟ್ಟಿದೆ, ನಾಳೆ ಸರಿಹೋದೀತು: ಹಿ ಈಸ್ ಇನ್ ಎ ಫೌಲ್ ಮೂಡ್. ‘ತಿಯೆನೆ ಮಾಲಾ ಲೆಚೆ’ಯಲ್ಲಿ ತೆನೇರ್ (ಹೊಂದಿರು) ಇದೆ, ಸಾಮಾನ್ಯವಾಗಿ ಇದು ಹುಟ್ಟುಗುಣದ ಮಾತು: ಹಿ ಹ್ಯಾಸ್ ಎ ನ್ಯಾಸ್ಟಿ ಸ್ಟ್ರೀಕ್. ಎರಡಕ್ಕೂ ‘ಬ್ಯಾಡ್ ಟೆಂಪರ್ಡ್’ ಎಂದು ಬರೆದುಬಿಟ್ಟರೆ ಬೆಳಗ್ಗೆ ಸಿಡುಕಿದವನಿಗೂ ಕುಹಕಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ‘ಕೊನ್ ಮಾಲಾ ಲೆಚೆ’ ಎಂದರೆ ನೋಯಿಸಲೆಂದೇ ಮಾಡಿದ್ದು, ಔಟ್ ಆಫ್ ಸ್ಪೈಟ್.

ಇನ್ನು ಸೇರ್, ಅಂದರೆ ‘ಆಗಿರು’; ‘ಎರೆಸ್’ (ನೀನು ಆಗಿದ್ದೀಯ) ಅದರದೇ ರೂಪ. ‘ಎರೆಸ್ ಲಾ ಲೆಚೆ’ ಮೆಚ್ಚುಗೆಯೂ ಆದೀತು, ಬೈಗುಳವೂ ಆದೀತು. ಮುಂದಿನ ವಾಕ್ಯ ಓದದೆ ಅನುವಾದಕ್ಕೆ ಕೈಹಾಕಬೇಡಿ. ಹೊಗಳಿದ್ದರೆ ಯು ಆರ್ ಅಮೇಜಿಂಗ್. ರೇಗಿದ್ದರೆ, ಅಥವಾ ಯಾವುದೆಂದು ತಿಳಿಯದಿದ್ದರೆ, ಯು ಆರ್ ಅನ್‌ಬಿಲೀವಬಲ್; ಇಂಗ್ಲಿಷಿನಲ್ಲಿ ಅದೂ ಎರಡು ಕಡೆಗೆ ವಾಲುವ ಮಾತೇ. (ನನ್ನ ಮೆಚ್ಚಿನ ಅಡ್ಡದಾರಿ ಇದು.) ‘ಆ ತೋದಾ ಲೆಚೆ’ ಬರೀ ವೇಗ, ಫ್ಲಾಟ್ ಔಟ್. ‘ಇ ಉನಾ ಲೆಚೆ!’ ಎಂದರೆ ನೋ ವೇ. ಇವೆಲ್ಲ ಕೊಂಚ ಒರಟು, ಗೆಳೆಯರ ನಡುವಿನ ಮಾತು. ಮೂಲದಲ್ಲಿ ಇರುವ ಒರಟುತನವನ್ನು ತೀರಾ ನಯ ಮಾಡಿದರೆ ಪಾತ್ರದ ದನಿ ಸತ್ತುಹೋಗುತ್ತದೆ.

‘ಮೆತೇರ್ ಲಾ ಪಾತಾ’ ಯಾವ ಎಡವಟ್ಟಿಗೂ ಸಲ್ಲುತ್ತದೆ. ಇಂಗ್ಲಿಷಿನ ಪುಟ್ ಯುವರ್ ಫುಟ್ ಇನ್ ಇಟ್ ಹೆಚ್ಚಾಗಿ ಬಾಯಿತಪ್ಪಿ ಆಡಿದ ಮಾತಿಗೆ. ಲೆಕ್ಕದಲ್ಲಿ ತಪ್ಪಾಗಿದ್ದರೆ ಐ ಮೆಸ್ಡ್ ಅಪ್ ಎನ್ನಿ.

ಸಲೀಸು ಕೆಲಸಕ್ಕೆ ಹೇಳುವ ‘ಪಾನ್ ಕೊಮೀದೊ’ಗೆ ಪೀಸ್ ಆಫ್ ಕೇಕ್ ಸರಿ, ಆದರೆ ‘ನೋ’ ಸೇರಿದೊಡನೆ ಅದು ತೊದಲುತ್ತದೆ. ಆಗ ನೋ ಪಿಕ್ನಿಕ್.

‘ತೊಮಾರ್ ಎಲ್ ಪೆಲೊ’ಗೆ ನಮ್ಮ ‘ಕಾಲೆಳೆಯುವುದು’ ನೆನಪಾಗಿ ಪುಲ್ ಸಮ್‌ವನ್ಸ್ ಲೆಗ್ ಥಟ್ಟನೆ ಹೊಳೆಯುತ್ತದೆ. ತಮಾಷೆಗಾದರೆ ಸರಿ. ಅಂಗಡಿಯವನು ದುಪ್ಪಟ್ಟು ಹಣ ಕಿತ್ತಾಗ ‘ನೋಸ್ ಆನ್ ತೊಮಾದೊ ಎಲ್ ಪೆಲೊ’ ಎಂದರೆ ಅಲ್ಲಿ ಕಾಲೂ ಇಲ್ಲ, ತಮಾಷೆಯೂ ಇಲ್ಲ: ವಿ ಹ್ಯಾವ್ ಬೀನ್ ಹ್ಯಾಡ್.