ಯೀಸ್ಟ್ ತನ್ನ ಬೇಡದ ಬಾಗಿಲನ್ನು ಹೇಗೆ ಎಸೆಯುತ್ತದೆ?

ಕೋಶಗಳಲ್ಲಿ ತುಂಬಿಕೊಂಡ ಕಸ ತೆಗೆಯಲು ಬೆಳಿಗ್ಗೆ ಖಾಲಿ ಹೊಟ್ಟೆಗೆ ಇಂಥ ಜ್ಯೂಸ್ ಕುಡಿಯಿರಿ ಎಂಬ ಮೆಸೇಜು ನನ್ನ ಮೊಬೈಲಿಗೆ ಆಗಾಗ ಬರುತ್ತಲೇ ಇರುತ್ತದೆ. ಓದಿದಾಗಲೆಲ್ಲ ಬೇಜಾರಾಗುತ್ತದೆ. ಕೋಶ ತನ್ನ ಕಸವನ್ನು ತಾನೇ ತೆಗೆಯುತ್ತದೆ. ಅದೂ ಎಷ್ಟು ಅಚ್ಚುಕಟ್ಟಾಗಿ! ಬ್ರೆಡ್ಡಿಗೆ ಹಾಕುವ ಯೀಸ್ಟನ್ನೇ ನೋಡಿ. ಒಂದು ಕೋಶದ ಅಗಲ ಮಿಲಿಮೀಟರಿನ 200ರಲ್ಲಿ ಒಂದು ಪಾಲು, ಅಷ್ಟೇ.

ಈ ಕೋಶದ ಹೊರಪೊರೆಯಲ್ಲಿ ಗ್ಯಾಪ್1 ಎಂಬ ಪ್ರೋಟೀನ್ ಕೂತಿರುತ್ತದೆ. ಪ್ರೋಟೀನಿನ ಇಟ್ಟಿಗೆಗಳಾದ, ಸಾರಜನಕವಿರುವ ಅಮೈನೋ ಆಮ್ಲಗಳನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಅದು. ಸಾರಜನಕಕ್ಕೆ ಬರ ಬಂದಾಗ ಇಂಥ ಬಾಗಿಲು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಆಗ ಒಂದಿಷ್ಟು ಅಮೋನಿಯಂ ಲವಣ ಹಾಕಿ ನೋಡಿ. ಸಾರಜನಕ ಸಲೀಸಾಗಿ ಸಿಕ್ಕಿತು, ಬಾಗಿಲುಗಳು ಬೇಡವಾದವು. ಆರ್‌ಎಸ್‌ಪಿ5 ಎಂಬ ಕಿಣ್ವ ಬಂದು ಗ್ಯಾಪ್1ರ ಒಳಬದಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. ಚೀಟಿ ಬಿದ್ದ ಬಾಗಿಲಿರುವ ಕಡೆ ಪೊರೆ ಒಳಕ್ಕೆ ಕುಸಿದು, ಗುಳ್ಳೆಯಾಗಿ ಕಳಚಿಕೊಂಡು, ಎಂಡೋಸೋಮ್ ಎಂಬ ಚೀಲ ಸೇರುತ್ತದೆ. ಅಲ್ಲಿಂದ ಮುಂದೆ ವ್ಯಾಕ್ಯೂಲ್, ಅಂದರೆ ಪ್ರೋಟೀನನ್ನು ಅರೆದು ಹಾಕುವ ಕಿಣ್ವಗಳಿರುವ ದೊಡ್ಡ ಚೀಲ.

ಕಥೆ ಇಲ್ಲಿಗೆ ಮುಗಿಯಿತು ಅಂತ ಅನೇಕರು ಅಂದುಕೊಳ್ಳುತ್ತಾರೆ. ನನಗೆ ಇಷ್ಟವಾದ ಭಾಗ ಶುರುವಾಗುವುದೇ ಇಲ್ಲಿಂದ.

ಲಂಬಾಣಿ ಹೆಂಗಸರ ಕಸೂತಿ ನೋಡಿದ್ದೀರಲ್ವಾ? ಬಟ್ಟೆಯಲ್ಲಿ ಪುಟ್ಟ ಕನ್ನಡಿಗಳನ್ನು ಹೊಲಿದಿರುತ್ತಾರೆ. ಪೊರೆಯ ಪ್ರೋಟೀನ್ ಆ ಕನ್ನಡಿಯಂತೆ. ಬಟ್ಟೆಯನ್ನು ಮಡಿಸಿದರೂ ಚೀಲ ಮಾಡಿದರೂ ಕನ್ನಡಿ ಬಟ್ಟೆಯಲ್ಲೇ ಇರುತ್ತದೆ. ಇನ್ನು ಗುಳ್ಳೆಯೊಂದು ಚೀಲಕ್ಕೆ ಸೇರುವುದು ಹೇಗೆ? ಸಾರಿನ ಮೇಲೆ ತೇಲುವ ಎರಡು ಎಣ್ಣೆ ಹನಿಗಳು ತಾಗಿ ಒಂದಾಗುತ್ತವಲ್ಲ, ಹಾಗೆ. ಗುಳ್ಳೆಯ ಪೊರೆ ಚೀಲದ ಪೊರೆಯೊಂದಿಗೆ ಒಂದಾಗಿಬಿಡುತ್ತದೆ. ಅಂದರೆ ನಮ್ಮ ಬಾಗಿಲು ವ್ಯಾಕ್ಯೂಲಿನ ಗೋಡೆಗೆ ಬಂದು ಕೂರುತ್ತದೆಯೇ ಹೊರತು ಹೊಟ್ಟೆಗೆ ಬೀಳುವುದಿಲ್ಲ. ರುಬ್ಬುವ ಗುಂಡಿಗೆ ಬೀಳಬೇಕಾದ ಕಾಳು ಕಲ್ಲಿನ ಅಂಚಿಗೇ ಅಂಟಿಕೊಂಡ ಹಾಗೆ!

ಕನ್ನಡಿ ಹೋಗಬೇಕೆಂದರೆ ಸುತ್ತಲಿನ ಬಟ್ಟೆಯನ್ನೂ ಸೇರಿಸಿ ಕತ್ತರಿಸಬೇಕು. ಯೀಸ್ಟ್ ಮಾಡುವುದೂ ಅದನ್ನೇ. ಎಂಡೋಸೋಮಿನ ಗೋಡೆಯಲ್ಲಿ ಚೀಟಿ ಅಂಟಿದ ಬಾಗಿಲುಗಳನ್ನೆಲ್ಲ ಒಂದೆಡೆ ಸೇರಿಸಿ, ಆ ತುಂಡು ಗೋಡೆಯನ್ನು ಚೀಲದ ಒಳಕ್ಕೆ ಉಬ್ಬಿಸಿ, ಕತ್ತು ಹಿಸುಕಿ ಕಳಚುತ್ತದೆ. ಹಿಸುಕುವ ಮುಂಚೆ ಯುಬಿಕ್ವಿಟಿನ್ ಚೀಟಿಯನ್ನು ಬಿಡಿಸಿ ಉಳಿಸಿಕೊಳ್ಳುತ್ತದೆ, ಇನ್ನೊಂದು ಸಲಕ್ಕೆ ಬೇಕಲ್ಲ. ಈಗ ಚೀಲದೊಳಗೆ ಪುಟ್ಟ ಗುಳ್ಳೆಗಳು. ಚೀಲ ವ್ಯಾಕ್ಯೂಲಿನೊಂದಿಗೆ ಒಂದಾದಾಗ ಗುಳ್ಳೆಗಳು ನೇರವಾಗಿ ಕಿಣ್ವಗಳ ನಡುವೆ ಬೀಳುತ್ತವೆ. ಬಾಗಿಲು ಪುಡಿಯಾಗುತ್ತದೆ. ಅದರ ಅಮೈನೋ ಆಮ್ಲಗಳು ಮತ್ತೆ ಕೆಲಸಕ್ಕೆ ಬರುತ್ತವೆ.

ಇದು ಗೊತ್ತಾಗಿದ್ದು ಜೀನು ಕೆಟ್ಟ ಯೀಸ್ಟುಗಳಿಂದ. 1980ರ ದಶಕದಲ್ಲಿ ಅಮೆರಿಕದ ಸ್ಕಾಟ್ ಎಮ್ರ್ ಮತ್ತು ಟಾಮ್ ಸ್ಟೀವನ್ಸ್ ಅವರ ಪ್ರಯೋಗಾಲಯಗಳು ಒಂದು ಬಗೆಯ ಯೀಸ್ಟನ್ನು ಹುಡುಕಿ ಹುಡುಕಿ ಕೂಡಿಟ್ಟವು. ವ್ಯಾಕ್ಯೂಲಿಗೆ ಹೋಗಬೇಕಾದ ಕಿಣ್ವವನ್ನು ದಾರಿ ತಪ್ಪಿಸಿ ಕೋಶದ ಹೊರಗೆ ಸುರಿಯುವ ಯೀಸ್ಟ್ ಅದು. ಇವುಗಳಲ್ಲಿ ಒಂದು ಗುಂಪಿಗೆ 'ಇ' ವರ್ಗ ಎಂದು ಹೆಸರಿಟ್ಟರು. ಇವಕ್ಕೆ ಎಫ್‌ಎಂ4-64 ಎಂಬ ಕೆಂಪಗೆ ಹೊಳೆಯುವ ಬಣ್ಣ ಕುಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆರೋಗ್ಯವಂತ ಕೋಶದಲ್ಲಿ ವ್ಯಾಕ್ಯೂಲಿನ ಸುತ್ತ ತೆಳ್ಳನೆಯ ಉಂಗುರ ಕಾಣುತ್ತದೆ. 'ಇ' ವರ್ಗದಲ್ಲಿ ಉಂಗುರದ ಪಕ್ಕಕ್ಕೇ ದಪ್ಪನೆಯ ಹೊಳೆಯುವ ಚುಕ್ಕೆ. ಮುಂದೆ ಹೋಗಲಾಗದ ಪೊರೆಗಳು ಅಲ್ಲೇ ಒಂದರ ಮೇಲೊಂದು ರಾಶಿ ಬಿದ್ದಿವೆ.

ಹೀಗೆ ಕೆಟ್ಟ ಜೀನುಗಳನ್ನು ಹಿಡಿದು ಹೊರಟ ಎಮ್ರ್ ತಂಡಕ್ಕೆ 2001ರಲ್ಲಿ ಎಸ್ಕಾರ್ಟ್ ಎಂಬ ಪ್ರೋಟೀನ್ ತಂಡ ಸಿಕ್ಕಿತು. ಚೀಟಿ ಓದುವುದು, ಗುಳ್ಳೆಯನ್ನು ಒಳಕ್ಕೆ ಕಳಚುವುದು ಇದರದೇ ಕೆಲಸ.

ಈ ಕತ್ತು ಹಿಸುಕುವ ದಿಕ್ಕನ್ನು ಸ್ವಲ್ಪ ಗಮನಿಸಿ. ಹೊರಪೊರೆಯಿಂದ ಬಂದ ಮೊದಲ ಗುಳ್ಳೆ ಕೋಶದ ರಸದ ಕಡೆಗೆ ಉಬ್ಬಿತ್ತು. ಎಸ್ಕಾರ್ಟ್ ಮಾಡುವ ಗುಳ್ಳೆ ಆ ರಸದಿಂದ ದೂರಕ್ಕೆ ಉಬ್ಬುತ್ತದೆ. ಕೋಶ ಬಿಟ್ಟು ಹೊರಡುವ ವೈರಸ್ಸಿಗೂ ಬೇಕಾದ್ದು ಇದೇ ದಿಕ್ಕು. ಏಡ್ಸ್ ತರುವ ಎಚ್‌ಐವಿ, ನಮ್ಮ ಕೋಶದ ಟಿಎಸ್‌ಜಿ101 ಎಂಬ ಪ್ರೋಟೀನನ್ನು ಹಿಡಿದುಕೊಂಡು ಹೊರಪೊರೆಯಿಂದ ಕಳಚಿಕೊಳ್ಳುತ್ತದೆ ಎಂದು ಅದೇ 2001ರಲ್ಲಿ ಗೊತ್ತಾಯಿತು. ಯೀಸ್ಟಿನ ಎಸ್ಕಾರ್ಟ್ ತಂಡದಲ್ಲೂ ಅದರ ಸೋದರ ಪ್ರೋಟೀನ್ ಇದೆ. ಆ ಸೋದರನ ಹೆಸರು ವಿಪಿಎಸ್23.